ವೀರಪಟ್ಟದ ಭಾರ ಹೊತ್ತವರು

ಬೆಂಕಿಗೆ ಹೆದರದವರು ಮನೆಗೆ ಬಂದು ಯಾಕೆ ಕುಸಿಯುತ್ತಾರೆ? ನ್ಯೂಯಾರ್ಕಿನ ಅಗ್ನಿಶಾಮಕ ಠಾಣೆಯೊಂದರ ಕಥೆ ಹೇಳಿದ ‘ರೆಸ್ಕ್ಯೂ ಮಿ’ ಧಾರಾವಾಹಿ ಏಳು ವರ್ಷ ಈ ಪ್ರಶ್ನೆಯನ್ನು ಬಿಡದೆ ಕೇಳಿತು.

ಅಗ್ನಿಶಾಮಕ ದಳಕ್ಕೆ ಹೊಸದಾಗಿ ಸೇರಿದ ಹುಡುಗರು ಸಾಲಾಗಿ ನಿಂತಿದ್ದಾರೆ. ಅವರೆದುರು ನಡುವಯಸ್ಸಿನ ಟಾಮಿ ಗ್ಯಾವಿನ್ ಮಾತಾಡುತ್ತಿದ್ದಾನೆ. ಬೆಂಕಿಯ ಬಗ್ಗೆ ಪಾಠ ಹೇಳಲು ಬಂದಿದ್ದಾನೆ ಅಂದುಕೊಂಡರೆ, ಅವನು ಒಪ್ಪಿಸುವುದು ಸತ್ತವರ ಲೆಕ್ಕ. 2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳು ಕುಸಿದಾಗ ತನ್ನ ಠಾಣೆಯ ನಾಲ್ವರು ಹೋದರು, ಅವರಲ್ಲೊಬ್ಬ ಸೋದರಸಂಬಂಧಿ ಜಿಮ್ಮಿ ಕೀಫ್. ಜೀವದ ಗೆಳೆಯನೂ ಆಗಿದ್ದ ಜಿಮ್ಮಿಯ ದೇಹದಲ್ಲಿ ಸಿಕ್ಕಿದ್ದು ಒಂದು ಬೆರಳು ಮಾತ್ರ. ಇಷ್ಟು ಹೇಳಿ, ನಿಮ್ಮಲ್ಲಿ ಎಷ್ಟು ಮಂದಿಗೆ ಈ ಕೆಲಸದ ಕಸುವಿದೆಯೋ ನೋಡೋಣ ಎಂಬಂತೆ ಗದರಿಸಿ ಅವನು ಹೊರಡುತ್ತಾನೆ. ಹೊರಟವನ ಜೊತೆಗೆ ಜಿಮ್ಮಿಯೂ ಇದ್ದಾನೆ. ಟಾಮಿಗೆ ಮಾತ್ರ ಕಾಣುತ್ತಾನೆ, ಟಾಮಿಯ ಜೊತೆ ಮಾತ್ರ ಮಾತಾಡುತ್ತಾನೆ.

2004ರ ಜುಲೈ 21ರಂದು ಅಮೆರಿಕದ ಎಫ್‌ಎಕ್ಸ್ ವಾಹಿನಿಯಲ್ಲಿ ‘ರೆಸ್ಕ್ಯೂ ಮಿ’ ಶುರುವಾದದ್ದು ಹೀಗೆ. ನಟ ಡೆನಿಸ್ ಲಿಯರಿ ಮತ್ತು ಬರಹಗಾರ ಪೀಟರ್ ಟೋಲನ್ ಇಬ್ಬರೂ ಸೇರಿ ಕಟ್ಟಿದ ಈ ಸರಣಿಯಲ್ಲಿ ಟಾಮಿಯ ಪಾತ್ರ ಲಿಯರಿಯವರದೇ. ಏಳು ಸೀಸನ್, 93 ಕಂತು. ಕೊನೆಯ ಕಂತು ಪ್ರಸಾರವಾದದ್ದು 2011ರ ಸೆಪ್ಟೆಂಬರ್ 7ರಂದು, ದುರಂತದ ಹತ್ತನೇ ವರ್ಷಕ್ಕೆ ನಾಲ್ಕು ದಿನ ಮುಂಚೆ.

ಆ ಕಾಲದ ಅಮೆರಿಕವನ್ನು ನೆನೆದರೆ ಈ ಧಾರಾವಾಹಿಯ ಧೈರ್ಯ ಅರ್ಥವಾಗುತ್ತದೆ. ಆ ಒಂದೇ ಬೆಳಗಿನಲ್ಲಿ ನ್ಯೂಯಾರ್ಕ್ ಅಗ್ನಿಶಾಮಕ ದಳದ 343 ಮಂದಿ ಸತ್ತಿದ್ದರು. ಜನ ಠಾಣೆಗಳ ಮುಂದೆ ಹೂವು, ಮೇಣದಬತ್ತಿ ಇಟ್ಟರು. ಅಂಗಡಿಯಲ್ಲಿ ಮಾರುವ ಟೀ ಶರ್ಟಿನ ಮೇಲೂ ದಳದ ಹೆಸರು ಬಂತು. ಬೆಂಕಿ ಆರಿಸುವವನು ಅಂದರೆ ದೇವರ ಸಮಾನ ಎನ್ನುವ ಹೊತ್ತಿನಲ್ಲಿ, ಕುಡುಕನೂ ಸುಳ್ಳುಗಾರನೂ ಮುಂಗೋಪಿಯೂ ಆದ ಒಬ್ಬ ಫೈರ್‌ಮನ್‌ನನ್ನು ನಡುಮನೆಗೆ ತಂದು ಕೂರಿಸುವುದು ಸುಲಭದ ಮಾತಲ್ಲ. ಆದರೂ ಅದು ಅವಮಾನವಾಗಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಜನಕ್ಕೆ ಸಿಕ್ಕ ಅತಿ ದೊಡ್ಡ ಗೌರವ ಇದೇ. ವೀರ ಎಂದು ಪಟ್ಟ ಕಟ್ಟಿ ಕೂರಿಸಿದವನನ್ನು ಯಾರೂ ನಿದ್ದೆ ಬಂತಾ ಎಂದು ಕೇಳುವುದಿಲ್ಲ. ಪಟ್ಟ ಕಟ್ಟಿಸಿಕೊಂಡವನೂ ಬರಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ. ಬಾಯಿಬಿಡಲಾಗದ ಆ ಸ್ಥಿತಿಯಲ್ಲೇ ಟಾಮಿಯ ಕಥೆ ಹುಟ್ಟುತ್ತದೆ.

ವೂಸ್ಟರ್‌ನ ಗೋದಾಮು

ಧಾರಾವಾಹಿ ಸೆಪ್ಟೆಂಬರ್ 11ರ ಸುತ್ತ ಸುತ್ತಿದರೂ ಅದರ ಬೇರು ಇರುವುದು ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ. ಡೆನಿಸ್ ಲಿಯರಿ ಹುಟ್ಟಿ ಬೆಳೆದ ಊರು ಅದು. 1999ರ ಡಿಸೆಂಬರ್ 3ರ ಸಂಜೆ ಅಲ್ಲಿ ಪಾಳುಬಿದ್ದ ಶೈತ್ಯಾಗಾರವೊಂದಕ್ಕೆ ಬೆಂಕಿ ಬಿತ್ತು. ಮಾಂಸ, ಆಹಾರ ಕೆಡದಂತೆ ಇಡಲು ಕಟ್ಟಿದ್ದ ಹಳೆಯ ಕಟ್ಟಡ. ದಪ್ಪ ಇಟ್ಟಿಗೆ ಗೋಡೆ, ಕಿಟಕಿಗಳಿಲ್ಲ ಎನ್ನುವಷ್ಟು ಕಡಿಮೆ. ತಂಪು ಹೊರಹೋಗದಿರಲಿ ಎಂದು ಗೋಡೆಗಳಿಗೆ ಒಳಗಿನಿಂದ ಕಾರ್ಕ್, ಡಾಂಬರು, ಫೋಮಿನ ಪದರಗಳನ್ನು ಮೆತ್ತಿದ್ದರು. ಶಾಖ ಹೊರಹೋಗದಂತೆ ತಡೆದದ್ದೂ ಅದೇ ಗೋಡೆ, ವಿಷದ ಹೊಗೆ ಉಗುಳಿದ್ದೂ ಅದೇ ಪದರ.

ಒಳಗೆ ಮನೆಯಿಲ್ಲದ ಗಂಡು ಹೆಣ್ಣು ಇಬ್ಬರು ತಂಗಿದ್ದರು. ಅವರ ಮೇಣದಬತ್ತಿ ಉರುಳಿ ಬೆಂಕಿ ಹತ್ತಿತ್ತು. ಯಾರಿಗೂ ಹೇಳದೆ ಅವರು ಹೊರಟುಹೋದರು. ಒಳಗೆ ಜನರಿರಬಹುದು ಎಂಬ ಮಾಹಿತಿ ಸಿಕ್ಕಿದ್ದರಿಂದ ಅಗ್ನಿಶಾಮಕ ಸಿಬ್ಬಂದಿ ಹುಡುಕಲು ನುಗ್ಗಿದರು. ಮೊದಲು ಇಬ್ಬರು ದಾರಿ ತಪ್ಪಿದರು. ಅವರನ್ನು ಹುಡುಕಲು ಹೋದವರಲ್ಲಿ ಮತ್ತೆ ನಾಲ್ವರು ಹಿಂದಿರುಗಲಿಲ್ಲ. ಒಟ್ಟು ಆರು ಮಂದಿ ಸತ್ತರು. ಉಳಿಸಲು ಹೋದವರು ಸತ್ತರು, ಉಳಿಸಬೇಕಾದವರು ಆ ಕಟ್ಟಡದಲ್ಲಿ ಇರಲೇ ಇಲ್ಲ.

ಆ ರಾತ್ರಿಯ ಒಂದು ಗಳಿಗೆಯನ್ನು ಅಮೆರಿಕದ ಅಗ್ನಿಶಾಮಕ ವಲಯ ಇಂದಿಗೂ ಮಾತಾಡಿಕೊಳ್ಳುತ್ತದೆ. ಕಾರ್ಯಾಚರಣೆಯ ಉಸ್ತುವಾರಿಯಲ್ಲಿದ್ದ ಅಧಿಕಾರಿ ಮೈಕೆಲ್ ಮೆಕ್‌ನಮಿ ಬಾಗಿಲಿಗೆ ಅಡ್ಡ ನಿಂತರು. ಒಳಗಿರುವ ಗೆಳೆಯರಿಗಾಗಿ ನುಗ್ಗಲು ಸಿದ್ಧರಾಗಿದ್ದ ತಮ್ಮದೇ ಹುಡುಗರಿಗೆ, ಆರು ಮಂದಿ ಆಗಲೇ ಹೋಗಿದ್ದಾರೆ, ಇನ್ನೊಬ್ಬರನ್ನು ಬಿಡುವುದಿಲ್ಲ ಎಂದರು. ಅಂದಿನ ಮಟ್ಟಿಗೆ ಅದಕ್ಕಿಂತ ಕಠಿಣ ಆದೇಶ ಇನ್ನೊಂದಿರಲಿಲ್ಲ. ಅದರಿಂದ ಎಷ್ಟು ಜೀವ ಉಳಿಯಿತೋ ಲೆಕ್ಕವಿಲ್ಲ. ಆದರೆ ಒಳಗಿರುವವರನ್ನು ಬಿಟ್ಟು ಬರುವುದೆಂದರೆ ಏನೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಜೀವನಪೂರ್ತಿ ಗೊತ್ತಾಗಿಹೋಯಿತು.

ಸತ್ತ ಆರು ಮಂದಿಯಲ್ಲಿ ಜೆರ್ರಿ ಲೂಸಿ ಲಿಯರಿಯವರ ಸೋದರಸಂಬಂಧಿ. ಮರುವರ್ಷವೇ ಲಿಯರಿ ಅಗ್ನಿಶಾಮಕ ದಳಗಳಿಗೆ ಉಪಕರಣ, ತರಬೇತಿ ಒದಗಿಸುವ ಪ್ರತಿಷ್ಠಾನ ಶುರುಮಾಡಿದರು. ಅದಾದ ಮೇಲೆ ಬಂದದ್ದು ಟಾಮಿ ಗ್ಯಾವಿನ್ ಮತ್ತು ಅವನ ಸತ್ತ ಸೋದರಸಂಬಂಧಿ. ತೆರೆಯ ಮೇಲಿನ ಜಿಮ್ಮಿ ಎಲ್ಲಿಂದ ಬಂದ ಎಂದು ಬೇರೆ ಹೇಳಬೇಕಿಲ್ಲ. ನ್ಯೂಯಾರ್ಕ್ ದಳದಲ್ಲೇ ಕೆಲಸ ಮಾಡಿದ್ದ, ಲಿಯರಿಯವರ ಗೆಳೆಯ ಟೆರಿ ಕ್ವಿನ್ ಧಾರಾವಾಹಿಯ ತಾಂತ್ರಿಕ ಸಲಹೆಗಾರರಾಗಿದ್ದರು. ಠಾಣಾ ಮುಖ್ಯಸ್ಥ ಜೆರ್ರಿ ರೈಲಿಯ ಪಾತ್ರ ಮಾಡಿದ ಜ್ಯಾಕ್ ಮೆಗೀ ನಟನಾಗುವ ಮುಂಚೆ ಸ್ವತಃ ನ್ಯೂಯಾರ್ಕ್‌ನ ಫೈರ್‌ಮನ್ ಆಗಿದ್ದವರು.

ಊಟದ ಮೇಜು

ಧಾರಾವಾಹಿಯ ಠಾಣೆ ಇರುವುದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಟಾಮಿಯ ತಂಡದ ಹೆಸರು 62 ಟ್ರಕ್, ಅಂದರೆ ಏಣಿಯ ತಂಡ. ನ್ಯೂಯಾರ್ಕ್‌ನಲ್ಲಿ ಇಂಜಿನ್ ತಂಡ ಬೇರೆ, ಏಣಿಯ ತಂಡ ಬೇರೆ. ಇಂಜಿನ್‌ನವರು ಪೈಪು ಹಿಡಿದು ನೀರು ಹೊಡೆಯುತ್ತಾರೆ. ಏಣಿಯವರು ಬಾಗಿಲು ಮುರಿದು ಒಳನುಗ್ಗುತ್ತಾರೆ, ಕೋಣೆ ಕೋಣೆ ತಡಕಿ ಜನರನ್ನು ಹುಡುಕುತ್ತಾರೆ, ಚಾವಣಿ ಕತ್ತರಿಸಿ ಹೊಗೆಗೆ ದಾರಿ ಮಾಡಿಕೊಡುತ್ತಾರೆ. ಹೀಗಾಗಿ ಏಣಿಯವರಿಗೆ ಬೆಂಕಿಗಿಂತ ಮುಂಚೆ ಮನುಷ್ಯರು ಎದುರಾಗುತ್ತಾರೆ, ಕೆಲವು ಸಲ ಬದುಕಿದವರು, ಕೆಲವು ಸಲ ಅಲ್ಲದವರು.

ಆದರೆ ಠಾಣೆಯ ದಿನದ ಬಹುಪಾಲು ಕಾಯುವುದರಲ್ಲೇ ಕಳೆಯುತ್ತದೆ. ಕಂಟ್ರೋಲ್ ರೂಮಿನಿಂದ ಕರೆ ಬರುವವರೆಗೂ ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ, ಒಂದೇ ಸೂರಿನಡಿ ನಿದ್ದೆ. ‘ರೆಸ್ಕ್ಯೂ ಮಿ’ಯ ಅತ್ಯುತ್ತಮ ದೃಶ್ಯಗಳು ಬೆಂಕಿಯಲ್ಲಿ ನಡೆಯುವುದಿಲ್ಲ, ಅಡುಗೆಮನೆಯ ಮೇಜಿನ ಸುತ್ತ ನಡೆಯುತ್ತವೆ. ಅಲ್ಲಿ ಒಬ್ಬರನ್ನೊಬ್ಬರು ಛೇಡಿಸುವುದೇ ಭಾಷೆ. ಹೆಂಡತಿ ಬಿಟ್ಟುಹೋದಳು, ಮಗು ಕಾಯಿಲೆ ಬಿದ್ದಿದೆ, ಕೈ ನಡುಗುತ್ತಿದೆ ಎಂಬುದೆಲ್ಲ ಅಲ್ಲಿ ಬರುವುದು ಕೀಟಲೆಯ ರೂಪದಲ್ಲೇ. ನಕ್ಕು ಮುಗಿಸಿದರೆ ವಿಷಯ ಮುಗಿಯಿತು. ಮೊದಲ ಕಂತಿನಲ್ಲೇ ಇಲಾಖೆಯಿಂದ ಆಪ್ತಸಮಾಲೋಚಕಿ ಬಂದು ನಿಮಗೆ ಏನನಿಸುತ್ತಿದೆ ಹೇಳಿ ಎಂದರೆ, ಇಡೀ ಠಾಣೆ ಅವಳನ್ನು ಹೊರದಬ್ಬುವುದೊಂದು ಬಾಕಿ.

ಹಾಗೆಂದು ಆ ಮೇಜು ಬರಿಯ ಅಡ್ಡಿಯಲ್ಲ. ಆ ಜನರನ್ನು ಒಂದು ಮಟ್ಟಕ್ಕೆ ಹಿಡಿದಿಟ್ಟಿರುವುದೂ ಅದೇ. ಅಲ್ಲಿ ಹೇಳಲಾಗದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಧಾರಾವಾಹಿ ಒಬ್ಬೊಬ್ಬರ ಬೆನ್ನು ಹತ್ತಿ ನೋಡುತ್ತದೆ. ಲೆಫ್ಟಿನೆಂಟ್ ಕೆನ್ನಿ ಶೇ, ಠಾಣೆಯವರಿಗೆ ‘ಲೂ’, ಸ್ಥೂಲ ದೇಹದ ಸಜ್ಜನ. ಅವನು ಯಾರಿಗೂ ಗೊತ್ತಾಗದಂತೆ ಕವಿತೆ ಬರೆಯುತ್ತಾನೆ. ಸತ್ತ ಗೆಳೆಯರ ಬಗ್ಗೆ ಬಾಯಲ್ಲಿ ಬಾರದ್ದು ಕಾಗದಕ್ಕೆ ಇಳಿಯುತ್ತದೆ. ಮುಖ್ಯಸ್ಥ ರೈಲಿ ಹಳೆಯ ಕಾಲದ ಗಡುಸು ಮನುಷ್ಯ. ಅವನ ಮಗ ಸಲಿಂಗಿ ಎಂದು ಗೊತ್ತಾಗುತ್ತದೆ. ಮುಂದೆ ಹೆಂಡತಿಗೆ ಮರೆವಿನ ಕಾಯಿಲೆ ಬರುತ್ತದೆ. ಕೊನೆಗೆ ಹೃದಯಾಘಾತವಾಗಿ ಬೆಂಕಿಯ ಕೆಲಸವೂ ಕೈತಪ್ಪುತ್ತದೆ. 2007ರ ನಾಲ್ಕನೇ ಸೀಸನ್‌ನಲ್ಲಿ ಅವನು ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ. ಅವನನ್ನು ಕೊಂದದ್ದು ಬೆಂಕಿಯಲ್ಲ. ಕೆಲಸವೇ ತಾನು ಎಂದು ಬದುಕಿದವನಿಂದ ಕೆಲಸ ಕಿತ್ತುಕೊಂಡರೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ.

2009ರ ಐದನೇ ಸೀಸನ್‌ನಲ್ಲಿ ಬರಹಗಾರರು ಒಂದು ಒಳ್ಳೆಯ ಉಪಾಯ ಹೂಡಿದರು. ದುರಂತದ ಹತ್ತನೇ ವರ್ಷಕ್ಕೆ ಪುಸ್ತಕ ಬರೆಯಲು ಫ್ರಾನ್ಸಿನ ಪತ್ರಕರ್ತೆಯೊಬ್ಬಳು ಠಾಣೆಗೆ ಬರುತ್ತಾಳೆ. ಒಬ್ಬೊಬ್ಬರನ್ನೇ ಕೂರಿಸಿ ಅಂದು ಏನಾಯಿತು ಎಂದು ಕೇಳುತ್ತಾಳೆ. ಎಂಟು ವರ್ಷ ಮುಚ್ಚಿಟ್ಟದ್ದು ಹೊರಗಿನವಳೊಬ್ಬಳು ಕೇಳಿದಳೆಂಬ ಒಂದೇ ಕಾರಣಕ್ಕೆ ಹೊರಬರುತ್ತದೆ. ಕೇಳುವವರು ಸಿಕ್ಕರೆ ಇವರು ಮಾತಾಡಬಲ್ಲರು, ಕೇಳಿದವರೇ ಇರಲಿಲ್ಲ ಎನ್ನುವುದು ಆ ಕಂತುಗಳನ್ನು ನೋಡಿದರೆ ಚುಚ್ಚುತ್ತದೆ.

ಹೊಸ್ತಿಲ ಆಚೆ

ಟಾಮಿಯ ಹೆಂಡತಿ ಜ್ಯಾನೆಟ್ ಅವನಿಂದ ದೂರವಾಗಿದ್ದಾಳೆ. ಟಾಮಿ ಅವಳ ಮನೆಯ ಎದುರು ಬೀದಿಯಲ್ಲೇ ಮನೆ ಮಾಡಿ ಕಾವಲು ಕಾಯುತ್ತಾನೆ. ಅತ್ತ ಜಿಮ್ಮಿಯ ಹೆಂಡತಿ ಶೀಲಾಳನ್ನು ಸಂತೈಸಲು ಹೋಗಿ ಅವಳ ಜೊತೆ ಸಂಬಂಧ ಬೆಳೆಸುತ್ತಾನೆ. ಸತ್ತ ಗೆಳೆಯ ಕಣ್ಣೆದುರೇ ಬಂದು ಲೆಕ್ಕ ಕೇಳುತ್ತಾನೆ. ಕೇಳಲು ಇದು ಸಾಮಾನ್ಯ ಧಾರಾವಾಹಿಯ ತಿರುವಿನಂತಿದೆ, ಆದರೆ ನಿಜಜೀವನ ಇದರಿಂದ ದೂರವಿರಲಿಲ್ಲ. ಸೆಪ್ಟೆಂಬರ್ 11ರ ನಂತರ ಸತ್ತವರ ಕುಟುಂಬಗಳ ಕಾಗದಪತ್ರ, ಅಂತ್ಯಸಂಸ್ಕಾರ, ಮಕ್ಕಳ ಶಾಲೆ ನೋಡಿಕೊಳ್ಳಲು ದಳ ಸಹೋದ್ಯೋಗಿಗಳನ್ನು ನೇಮಿಸಿತ್ತು. ಒಂದೇ ದುಃಖ ಹಂಚಿಕೊಂಡವರ ನಡುವೆ ಸಲುಗೆ ಬೆಳೆದು, ಕೆಲವು ಸಂಸಾರಗಳು ಒಡೆದದ್ದನ್ನು ಪತ್ರಿಕೆಗಳೂ ವರದಿ ಮಾಡಿದ್ದವು.

ಎರಡನೇ ಸೀಸನ್‌ನ ಕೊನೆಯಲ್ಲಿ ಕುಡಿದು ಗಾಡಿ ಓಡಿಸಿದವನೊಬ್ಬ ಟಾಮಿಯ ಪುಟ್ಟ ಮಗ ಕಾನರ್‌ನನ್ನು ಕೊಲ್ಲುತ್ತಾನೆ. ಟಾಮಿಯ ಚಿಕ್ಕಪ್ಪ ಟೆಡ್ಡಿ ಆ ಚಾಲಕನನ್ನು ಗುಂಡಿಟ್ಟು ಕೊಂದು ಜೈಲಿಗೆ ಹೋಗುತ್ತಾನೆ. ಕುಡಿತವೇ ಮಗನನ್ನು ಕೊಂದಿತು ಎಂದು ಗೊತ್ತಿದ್ದೂ ಟಾಮಿಗೆ ಬಾಟಲಿ ಬಿಡಲಾಗುವುದಿಲ್ಲ. ಬಿಟ್ಟ ಮನೆಮಂದಿಯನ್ನೂ ಅವನೇ ಮತ್ತೆ ಅದಕ್ಕೆ ಎಳೆಯುತ್ತಾನೆ. ಟೆಡ್ಡಿಯ ಹೆಂಡತಿಯೂ ಕುಡಿದು ಗಾಡಿ ಓಡಿಸಿ ಸಾಯುತ್ತಾಳೆ. ಐದನೇ ಸೀಸನ್ ಮುಗಿಯುವುದು ಜೈಲಿನಿಂದ ಹೊರಬಂದಿದ್ದ ಅದೇ ಟೆಡ್ಡಿ ಬಾರಿನಲ್ಲಿ ಟಾಮಿಯ ಮೇಲೆ ಗುಂಡು ಹಾರಿಸುವುದರೊಂದಿಗೆ. ಕೆಲಸದಲ್ಲಿ ಬೇರೆಯವರ ಮಕ್ಕಳನ್ನು ಹೊತ್ತು ತರುವವನು ತನ್ನ ಮನೆಯವರಿಗೆ ತಾನೇ ಅಪಾಯವಾಗುತ್ತಾನೆ. ಠಾಣೆಯ ಕಥೆ ಬೇರೆ, ಮನೆಯ ಕಥೆ ಬೇರೆ ಎಂದು ಇಲ್ಲಿ ಗೆರೆ ಎಳೆಯಲು ಬರುವುದಿಲ್ಲ.

ಈ ಧಾರಾವಾಹಿಗೆ ದೊಡ್ಡ ಕೊರತೆಯೂ ಇದೆ, ಅದನ್ನು ಮರೆಸಬಾರದು. ಗಂಡಸರ ಗಾಯವನ್ನು ಇಷ್ಟು ಆಳಕ್ಕೆ ಕಂಡವರಿಗೆ ಹೆಂಗಸರ ಗಾಯ ಅಷ್ಟು ಕಾಣಲಿಲ್ಲ. 2006ರಲ್ಲಿ ಟಾಮಿ ಜ್ಯಾನೆಟ್ ಮೇಲೆ ಬಲಾತ್ಕಾರ ಎಸಗುವ ದೃಶ್ಯ ಬಂದಾಗ ವೀಕ್ಷಕರೂ ವಿಮರ್ಶಕರೂ ಸಿಟ್ಟಾದರು. ಸಿಟ್ಟು ನ್ಯಾಯವಾಗಿತ್ತು, ಏಕೆಂದರೆ ಕಥೆ ಅದನ್ನು ಅಪರಾಧದಂತೆ ಎದುರಿಸಲೇ ಇಲ್ಲ. ಠಾಣೆಗೆ ಬಂದ ಏಕೈಕ ಮಹಿಳಾ ಫೈರ್‌ಫೈಟರ್ ಲಾರಾ ಎರಡು ಸೀಸನ್ ಮುಗಿಯುವಷ್ಟರಲ್ಲಿ ಕಾಣೆಯಾದಳು. ಬ್ರೆಂಡಾ ಬರ್ಕ್‌ಮನ್ ಎಂಬಾಕೆ ನ್ಯಾಯಾಲಯದಲ್ಲಿ ಹೋರಾಡಿ ಗೆದ್ದ ಮೇಲೆಯೇ 1982ರಲ್ಲಿ ನ್ಯೂಯಾರ್ಕ್ ದಳದ ಬಾಗಿಲು ಹೆಂಗಸರಿಗೆ ತೆರೆಯಿತು. ಒಳಗೆ ಬಂದವರು ಎದುರಿಸಿದ ಹಗೆತನ ಒಂದು ಪೂರ್ತಿ ಧಾರಾವಾಹಿಗೆ ಆಗುವಷ್ಟು ದೊಡ್ಡದು. ‘ರೆಸ್ಕ್ಯೂ ಮಿ’ ಅದನ್ನು ಮುಟ್ಟಿ ಬಿಟ್ಟಿತು.

ತೆರೆಗೆ ಸಿಗದ ಹೊಗೆ

ಬೆಂಕಿಯ ಧಾರಾವಾಹಿಗಳು ಮನುಷ್ಯರ ಕಡೆಗೇ ಯಾಕೆ ಹೊರಳುತ್ತವೆ ಎಂಬುದಕ್ಕೆ ಒಂದು ಸರಳ ಕಾರಣವಿದೆ. ನಿಜವಾದ ಬೆಂಕಿಯನ್ನು ತೋರಿಸಲು ಸಾಧ್ಯವೇ ಇಲ್ಲ. ತೆರೆಯ ಮೇಲೆ ಕೇಸರಿ ಜ್ವಾಲೆ ಕುಣಿಯುತ್ತದೆ, ಕೋಣೆ ಬೆಳಗುತ್ತದೆ, ನಾಯಕನ ಮುಖ ಕಾಣುತ್ತದೆ. ನಿಜದ ಮನೆ ಹೊತ್ತಿಕೊಂಡರೆ ಒಳಗೆ ಕಗ್ಗತ್ತಲು. ಕಣ್ಣೆದುರು ಹಿಡಿದ ಕೈಯೂ ಕಾಣದಷ್ಟು ಹೊಗೆ. ನೆಲಕ್ಕೆ ಅಂಟಿಕೊಂಡು, ಒಂದು ಕೈ ಗೋಡೆಗೆ ಒತ್ತಿ ತೆವಳಬೇಕು. ಮುಖವಾಡ ತೆಗೆದರೆ ನಾಲ್ಕು ಉಸಿರಿಗೇ ಆಟ ಮುಗಿಯಬಹುದು. ಹತ್ತಿಯ ಹಾಸಿಗೆ, ಮರದ ಕುರ್ಚಿಯ ಕಾಲ ಹೋಗಿ ಫೋಮ್, ಪ್ಲಾಸ್ಟಿಕ್, ಪಾಲಿಯೆಸ್ಟರ್ ತುಂಬಿದ ಮನೆಗಳು ಬಂದಿವೆ. ಅಮೆರಿಕದ ಯುಎಲ್ ಪ್ರಯೋಗಾಲಯದವರು ಹಳೆಯ ಬಗೆಯ ಪೀಠೋಪಕರಣ ತುಂಬಿದ ಕೋಣೆಗೂ ಹೊಸ ಬಗೆಯದಕ್ಕೂ ಬೆಂಕಿ ಹಚ್ಚಿ ನೋಡಿದರು. ಇಡೀ ಕೋಣೆ ಒಮ್ಮೆಲೇ ಭುಗಿಲೇಳಲು ಹಳೆಯದಕ್ಕೆ ಅರ್ಧ ಗಂಟೆಯ ಹತ್ತಿರ ಬೇಕಾಯಿತು, ಹೊಸದಕ್ಕೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ.

ಆ ಕತ್ತಲಲ್ಲಿ ಫೈರ್‌ಮನ್‌ಗೆ ಆಧಾರ ಕಣ್ಣಲ್ಲ, ಕಿವಿ. ಪ್ರತಿಯೊಬ್ಬನ ಮೈಮೇಲೆ ಪುಟ್ಟದೊಂದು ಅಲಾರಾಂ ಇರುತ್ತದೆ. ಅರ್ಧ ನಿಮಿಷದಷ್ಟು ಹೊತ್ತು ಅವನು ಅಲುಗಾಡದಿದ್ದರೆ ಅದು ಚೀರತೊಡಗುತ್ತದೆ, ಸಂಗಾತಿಗಳು ಆ ದನಿ ಹಿಡಿದು ಹುಡುಕಿ ಬರಲಿ ಎಂದು. ಗೋಪುರಗಳು ಕುಸಿದ ಮೇಲೆ ಚಿತ್ರೀಕರಿಸಿದ ದೃಶ್ಯಗಳಲ್ಲಿ, ಬೂದಿ ಮುಚ್ಚಿದ ನಿರ್ಜನ ಬೀದಿಯಲ್ಲಿ ಆ ಅಲಾರಾಂಗಳು ಒಟ್ಟೊಟ್ಟಿಗೆ ಚೀರುವುದು ಕೇಳುತ್ತದೆ. ಒಂದೊಂದು ದನಿಯೂ ಅಲುಗಾಡದ ಒಬ್ಬ ಮನುಷ್ಯ. ಬದುಕುಳಿದವರಿಗೆ ಬಹಳ ಕಾಲ ಕಿವಿಯಿಂದ ಹೋಗದ ಸದ್ದು ಅದು. ಟಾಮಿಗೆ ಜಿಮ್ಮಿ ಕಾಣಿಸಿಕೊಳ್ಳುವುದನ್ನು ಭೂತದ ಕಥೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ.

ಬೇರೆ ಬೇರೆ ಠಾಣೆಗಳು

‘ರೆಸ್ಕ್ಯೂ ಮಿ’ಗೂ ಮುಂಚೆ ಅಮೆರಿಕದ ಎನ್‌ಬಿಸಿ 1972ರಲ್ಲಿ ‘ಎಮರ್ಜೆನ್ಸಿ’ ಎಂಬ ಧಾರಾವಾಹಿ ಶುರುಮಾಡಿತ್ತು. ಲಾಸ್ ಏಂಜಲೀಸ್ ಕೌಂಟಿಯ 51ನೇ ಠಾಣೆಯ ಗೇಜ್ ಮತ್ತು ಡಿಸೋಟೊ ಎಂಬ ಇಬ್ಬರು ಪ್ಯಾರಾಮೆಡಿಕ್‌ಗಳ ಕಥೆ. ಅವರ ಮನೆಯ ಸುದ್ದಿ ಅಷ್ಟಾಗಿ ಇರಲಿಲ್ಲ, ಎಲ್ಲವೂ ಕೆಲಸವೇ. ಆದರೆ ಆಸ್ಪತ್ರೆ ಮುಟ್ಟುವ ಮುಂಚೆಯೇ ಜೀವ ಉಳಿಸಬಹುದು ಎಂದು ಅದನ್ನು ನೋಡಿ ತಿಳಿದ ಜನ ತಮ್ಮ ಊರಿಗೂ ಅಂಥ ಸೇವೆ ಬೇಕೆಂದು ಕೇಳಿದರು.

ಬ್ರಿಟನ್ನಿನಲ್ಲಿ ನಾಟಕಕಾರ ಜ್ಯಾಕ್ ರೋಸೆಂಥಾಲ್ 1986ರಲ್ಲಿ ‘ಲಂಡನ್ಸ್ ಬರ್ನಿಂಗ್’ ಎಂಬ ಟಿ.ವಿ. ಚಿತ್ರ ಬರೆದರು. ಅದೇ 1988ರಿಂದ 2002ರವರೆಗೆ ಧಾರಾವಾಹಿಯಾಗಿ ಓಡಿತು. ಬ್ಲ್ಯಾಕ್‌ವಾಲ್ ಠಾಣೆಯ ‘ಬ್ಲೂ ವಾಚ್’ ಪಾಳಿಯವರಿಗೆಲ್ಲ ಅಡ್ಡಹೆಸರು. ಬೆಂಕಿ ಆರಿಸುವುದು ಅಲ್ಲಿ ಸಂಬಳ ಸಾಲದ ಸರ್ಕಾರಿ ನೌಕರಿ, ಮೈಮೇಲೆ ಸಾಲವಿರುವ ಜನರ ನೌಕರಿ. ಆ ಕಾರ್ಮಿಕ ವರ್ಗದ ಕಣ್ಣು ಅಮೆರಿಕದ ಧಾರಾವಾಹಿಗಳಲ್ಲಿ ಅಷ್ಟು ಸಿಗುವುದಿಲ್ಲ.

2012ರ ಅಕ್ಟೋಬರ್‌ನಲ್ಲಿ ಬಂದ ‘ಶಿಕಾಗೋ ಫೈರ್’ ತುಂಬ ಜನಪ್ರಿಯವಾಯಿತು. ಮೊದಲ ಕಂತಿನಲ್ಲೇ ಆ್ಯಂಡಿ ಡಾರ್ಡನ್ ಸಾಯುತ್ತಾನೆ. ತಪ್ಪು ನಿನ್ನದು ಎಂದು ಮ್ಯಾಥ್ಯೂ ಕೇಸಿ ಮತ್ತು ಕೆಲ್ಲಿ ಸೆವೆರೈಡ್ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಮಾತು ಬಿಟ್ಟರೂ ಕರೆ ಬಂದಾಗ ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿ. ಸೆವೆರೈಡ್ ಮೈಗಾದ ಪೆಟ್ಟನ್ನು ಮುಚ್ಚಿಟ್ಟು ನೋವಿನ ಔಷಧಿಯ ಮೇಲೆ ಕೆಲಸ ಸಾಗಿಸುತ್ತಾನೆ, ಏಕೆಂದರೆ ವೈದ್ಯರಿಗೆ ಗೊತ್ತಾದರೆ ಟ್ರಕ್ ಹತ್ತಲು ಬಿಡುವುದಿಲ್ಲ. ಬಾಯಿಬಿಡದ ಹಠ ಇಲ್ಲಿಯೂ ಅದೇ. ವ್ಯತ್ಯಾಸವೆಂದರೆ ಶಿಕಾಗೋದಲ್ಲಿ ಗಾಯ ಕೆಲವು ಕಂತುಗಳಲ್ಲಿ ಮಾಯುತ್ತದೆ, ಠಾಣೆಯ ಬಳಗ ಮತ್ತೆ ಒಂದಾಗುತ್ತದೆ. ಹಾರ್ಲೆಮ್‌ನಲ್ಲಿ ಗಾಯ ಏಳು ವರ್ಷವಾದರೂ ಹಸಿ. ಸಿಯಾಟಲ್‌ನ ಕಥೆ ಹೇಳಿದ ‘ಸ್ಟೇಷನ್ 19’ ಧಾರಾವಾಹಿ, ಠಾಣೆಯ ನಾಯಕತ್ವವನ್ನು ಹೆಣ್ಣಿನ ಕೈಗೆ ಕೊಟ್ಟು, ಹಳೆಯ ಧಾರಾವಾಹಿಗಳು ಬಿಟ್ಟ ಜಾಗವನ್ನು ಒಂದಿಷ್ಟು ತುಂಬಿತು.

ವರ್ಷಕ್ಕೊಮ್ಮೆಯ ನಮನ

ನಮ್ಮಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರ ಆ ದಿನ ಮುಂಬೈ ಬಂದರಿನಲ್ಲಿ ಸ್ಫೋಟಕಗಳ ಜೊತೆ ಹತ್ತಿಯ ಮೂಟೆ ಹೊತ್ತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಸಿಬ್ಬಂದಿ ಸತ್ತರು. ಕರ್ನಾಟಕದ ಠಾಣೆಗಳೂ ಆ ದಿನ ಅವರನ್ನು ನೆನೆಯುತ್ತವೆ. ಒಂದು ವಾರ ಸಪ್ತಾಹ ನಡೆಯುತ್ತದೆ, ಅಣಕು ಪ್ರದರ್ಶನ ನಡೆಯುತ್ತದೆ. ಅದು ಬೇಕು. ಆದರೆ ಬೇಸಿಗೆಯಲ್ಲಿ ಹುಲ್ಲಿನ ಬಣವೆಯಿಂದ ಹಿಡಿದು ಬಾವಿಗೆ ಬಿದ್ದವರವರೆಗೆ 101ಕ್ಕೆ ಬಂದ ಕರೆಗೆಲ್ಲ ಓಡುವ, ಶವವನ್ನು ಮೇಲೆತ್ತಿ ಕೊಟ್ಟು ಬರುವ ಮನುಷ್ಯ ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಏನು ಹೇಳುತ್ತಾನೆ ಎಂಬುದನ್ನು ಯಾವ ಸಪ್ತಾಹವೂ ಕೇಳುವುದಿಲ್ಲ. 2024ರಲ್ಲಿ ರಾಹುಲ್ ಧೋಲಾಕಿಯಾ ನಿರ್ದೇಶಿಸಿದ ಹಿಂದಿ ಚಿತ್ರ ‘ಅಗ್ನಿ’ ಮುಂಬೈನ ಫೈರ್‌ಮನ್ ಒಬ್ಬನನ್ನು ಅವನ ಮನೆಯ ಸಮೇತ ತೋರಿಸಿತು. ಸಂಸಾರದ ಕಥೆಯನ್ನು ದಿನವೂ ಹೇಳಬಲ್ಲ ಕನ್ನಡದ ಕಿರುತೆರೆ ಮನಸ್ಸು ಮಾಡಿದರೆ, ತಾಲ್ಲೂಕು ಕೇಂದ್ರದ ಒಂದು ಠಾಣೆಯಲ್ಲಿ ವರ್ಷಗಟ್ಟಲೆ ಸಾಗುವಷ್ಟು ಕಥೆಯಿದೆ.

ನ್ಯೂಯಾರ್ಕ್‌ನ ಲೆಕ್ಕ ಧಾರಾವಾಹಿಯ ಜೊತೆಗೆ ಮುಗಿಯಲಿಲ್ಲ. ಗೋಪುರಗಳ ಅವಶೇಷದಲ್ಲಿ ತಿಂಗಳುಗಟ್ಟಲೆ ಅಗೆದವರ ಶ್ವಾಸಕೋಶಕ್ಕೆ ಇಳಿದ ಧೂಳು ಕ್ಯಾನ್ಸರ್ ಆಗಿ, ಉಸಿರಾಟದ ರೋಗವಾಗಿ ತಿರುಗಿತು. ಹಾಗೆ ಕಾಯಿಲೆ ಬಿದ್ದು ಸತ್ತ ದಳದವರ ಸಂಖ್ಯೆ 2023ರ ಸೆಪ್ಟೆಂಬರ್ ಹೊತ್ತಿಗೆ 343 ಮುಟ್ಟಿತು, ಆ ಬೆಳಗ್ಗೆ ಸತ್ತವರಷ್ಟೇ. ಈ ಎರಡನೇ 343 ಮಂದಿಗೆ ಚಿಕಿತ್ಸೆಯ ಹಣ ಸಿಗಬೇಕಾದರೆ ಬದುಕಿದ್ದವರು ವಾಷಿಂಗ್ಟನ್‌ಗೆ ಎಡತಾಕಬೇಕಾಯಿತು. ಅವರನ್ನು ವೀರರೆಂದು ಕರೆದ ದೇಶಕ್ಕೆ ಅವರ ಆಸ್ಪತ್ರೆಯ ಬಿಲ್ಲು ನೆನಪಾಗಲು ವರ್ಷಗಳೇ ಹಿಡಿದವು.

‘ರೆಸ್ಕ್ಯೂ ಮಿ’ ನೋಡದವರು ಮೊದಲೆರಡು ಸೀಸನ್ ನೋಡಿ, ಆಮೇಲೆ ಐದನೆಯದು. ಟಾಮಿಯನ್ನು ಮೆಚ್ಚಬೇಕಿಲ್ಲ, ಕ್ಷಮಿಸಲೂ ಬೇಕಿಲ್ಲ. ಅವನ ಸುತ್ತ ಇರುವವರು ಅವನಿಗೆ ಏನು ಕೇಳಬೇಕಿತ್ತು, ಯಾವಾಗ ಕೇಳಬೇಕಿತ್ತು ಎಂದು ಯೋಚಿಸುತ್ತ ನೋಡಿ. ಆ ಪ್ರಶ್ನೆಗಳನ್ನು ನಮ್ಮೂರಿನ ಠಾಣೆಯವರಿಗೂ ಕೇಳಬಹುದು, ಅದಕ್ಕೆ ಏಪ್ರಿಲ್ 14ರವರೆಗೆ ಕಾಯಬೇಕಿಲ್ಲ.